170 ಎಂಬಿ ಫೋನಿನಲ್ಲಿ ಕನ್ನಡ ಓದಿದ್ದು

2011ರ ಏಪ್ರಿಲ್‌ನಲ್ಲಿ ಮಂಗಳೂರಿನ ಹಂಪನಕಟ್ಟೆಯ ಒಂದು ಅಂಗಡಿಯಲ್ಲಿ ನನ್ನ ಮೊದಲ ಆಂಡ್ರಾಯ್ಡ್ ಫೋನ್ ಕೊಂಡೆ. ಡಬ್ಬ ಬಿಚ್ಚುತ್ತಿದ್ದ ಹುಡುಗನ ಹತ್ತಿರ ಕೇಳಿದೆ, "ಇದ್ರಲ್ಲಿ ಕನ್ನಡ ಬರ್ತದಾ?"

"ಕನ್ನಡ ಎಂತಕ್ಕೆ ಮಾರ್ರೆ? ಎಲ್ಲ ಇಂಗ್ಲಿಷಲ್ಲೇ ಉಂಟಲ್ಲ," ಅಂದ.

ನನಗೆ ಬೇಕಾಗಿದ್ದೇ ಕನ್ನಡ. ದಿನಾ ಉಡುಪಿಯಿಂದ ಮಂಗಳೂರಿಗೆ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಕಾಪು, ಪಡುಬಿದ್ರಿ, ಮೂಲ್ಕಿ, ಸುರತ್ಕಲ್ ಅಂತ ದಾಟುವಷ್ಟರಲ್ಲಿ ಓದಲಿಕ್ಕೆ ಏನಾದರೂ ಸಿಗಲಿ ಅಂತ ಆಸೆ. ಸಾಲದ್ದಕ್ಕೆ ಬೆಂಗಳೂರಿನಲ್ಲಿದ್ದ ಅಕ್ಕ ಕನ್ನಡದಲ್ಲೇ ಎಸ್ಸೆಮ್ಮೆಸ್ ಕಳಿಸುವವಳು. ಹೊಸ ಫೋನಿಗೆ ಅವಳ ಮೊದಲ ಮೆಸೇಜು ಬಂತು. ಬರೀ ಚೌಕ ಡಬ್ಬಿಗಳ ಸಾಲು. ಅಮ್ಮ ಬಗ್ಗಿ ನೋಡಿ, "ಇದೆಂತ ಮಗಾ, ಕಿಟಕಿ ಸರಳಿನ ಹಾಗೆ ಉಂಟು?" ಅಂದರು.

ಫೋನಿನ ಕಂಪನಿ ಹೆಸರು ಬೇಡ. 3.2 ಇಂಚಿನ ಪರದೆ, 600 ಮೆಗಾಹರ್ಟ್ಸ್ ಪ್ರೊಸೆಸರ್, ಆಂಡ್ರಾಯ್ಡ್ 2.2, ಅಂದರೆ ಫ್ರೋಯೊ. ಜೊತೆಗೆ 2 ಜಿಬಿ ಮೆಮೊರಿ ಕಾರ್ಡು. ಆ್ಯಪ್ ಹಾಕಲಿಕ್ಕೆ ಫೋನಿನ ಒಳಗೆ ಇದ್ದ ಜಾಗ ಸುಮಾರು 170 ಎಂಬಿ. ಈಗ ಒಂದು ಆ್ಯಪ್‌ಗೇ ಅಷ್ಟು ಸಾಲುವುದಿಲ್ಲ, ಅಲ್ವಾ?

ಮೊದಲು ಇಂಟರ್ನೆಟ್ಟು. ನನ್ನದು ಬಿಎಸ್ಸೆನ್ನೆಲ್ ಸಿಮ್. ಸೆಟ್ಟಿಂಗ್ಸ್‌ಗೆ ಹೋಗಿ ಹೊಸ ಎಪಿಎನ್ (ಸಿಮ್ ಇಂಟರ್ನೆಟ್ಟಿಗೆ ಹೋಗುವ ದಾರಿಯ ಹೆಸರು) ಮಾಡಿ, 'ಬಿಎಸ್‌ಎನ್‌ಎಲ್‌ನೆಟ್' ಅಂತ ನಡುವೆ ಜಾಗ ಬಿಡದೆ ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ ಬರೆದು, ಮೆನು ಕೀ ಒತ್ತಿ ಸೇವ್ ಕೊಟ್ಟೆ. ಪಟ್ಟಿಯಲ್ಲಿ ಅದರ ಎದುರಿನ ಉರುಟು ಚುಕ್ಕಿ ಹಸಿರಾಗುವಂತೆ ಒತ್ತಿದ ಮೇಲೆ ನೆಟ್ ಬಂತು.

ಕನ್ನಡದ ವಿಷಯದಲ್ಲಿ ಕೈ ಹಿಡಿದದ್ದು ಒಪೇರಾ ಮಿನಿ ಅನ್ನುವ ಬ್ರೌಸರ್. ವಿಳಾಸ ಬರೆಯುವ ಜಾಗದಲ್ಲಿ 'ಒಪೇರಾ', ಒಂದು ಕೋಲನ್, ಆಮೇಲೆ 'ಕಾನ್ಫಿಗ್' ಅಂತ ಇಂಗ್ಲಿಷಿನಲ್ಲಿ ಬರೆದು ಗೋ ಒತ್ತಿದರೆ ಅಡಗಿಸಿಟ್ಟ ಒಂದು ಪುಟ ತೆರೆಯುತ್ತಿತ್ತು. ಅದರ ಕೆಳತುದಿಗೆ ಹೋದರೆ 'ಯೂಸ್ ಬಿಟ್‌ಮ್ಯಾಪ್ ಫಾಂಟ್ಸ್ ಫಾರ್ ಕಾಂಪ್ಲೆಕ್ಸ್ ಸ್ಕ್ರಿಪ್ಟ್ಸ್' ಅಂತ ಒಂದು ಸಾಲು. ಅಲ್ಲಿದ್ದ 'ನೋ' ತೆಗೆದು 'ಯೆಸ್' ಮಾಡಿ ಸೇವ್ ಕೊಟ್ಟು, ಕನ್ನಡ ವಿಕಿಪೀಡಿಯ ತೆರೆದೆ. ಡಬ್ಬಿಗಳಿದ್ದಲ್ಲಿ ಅಚ್ಚುಕಟ್ಟಾದ ಕನ್ನಡ! ಒತ್ತು, ದೀರ್ಘ ಎಲ್ಲ ತಂತಮ್ಮ ಜಾಗದಲ್ಲಿ. ಇದರ ಗುಟ್ಟು ಏನೆಂದರೆ, ಅಕ್ಷರ ಜೋಡಿಸುವ ಕೆಲಸವನ್ನು ಫೋನು ಮಾಡುತ್ತಲೇ ಇರಲಿಲ್ಲ. ಒಪೇರಾದ ಸರ್ವರ್ ಅದನ್ನು ಮಾಡಿ, ಕನ್ನಡ ಅಕ್ಷರಗಳನ್ನು ಚಿತ್ರವಾಗಿಸಿ ಕಳಿಸುತ್ತಿತ್ತು. ಹಾಗಾಗಿ ಡೇಟಾ ಸ್ವಲ್ಪ ಜಾಸ್ತಿ ಹೋಗುತ್ತಿತ್ತು. ಹೋಗಲಿ ಬಿಡಿ, ಬಸ್ಸಿನಲ್ಲಿ ಕನ್ನಡ ಓದುವಂತಾಯಿತಲ್ಲ.

ಆದರೆ ಅದು ಬ್ರೌಸರ್ ಒಳಗೆ ಮಾತ್ರ. ಅಕ್ಕನ ಮೆಸೇಜು ಹಾಗೇ ಇತ್ತು.

ಅಷ್ಟರಲ್ಲಿ ಇನ್ನೊಂದು ತಲೆನೋವು. ಒಂದೇ ತಿಂಗಳಲ್ಲಿ ಜಾಗ ತುಂಬಿ, 'ಲೋ ಆನ್ ಸ್ಪೇಸ್' ಅಂತ ಫೋನು ಗೋಗರೆಯತೊಡಗಿತು. ಆ ಸ್ಥಿತಿಯಲ್ಲಿ ಹೊಸ ಎಸ್ಸೆಮ್ಮೆಸ್ ಕೂಡ ಒಳಗೆ ಬರುತ್ತಿರಲಿಲ್ಲ. ಫ್ರೋಯೊದಲ್ಲಿ ಆ್ಯಪ್‌ಗಳನ್ನು ಕಾರ್ಡಿಗೆ ಸಾಗಿಸುವ ವ್ಯವಸ್ಥೆ ಇತ್ತು ನಿಜ. ಆದರೆ ಆ್ಯಪ್ ಬರೆದವನು ಒಪ್ಪಿಗೆ ಕೊಟ್ಟಿದ್ದರೆ ಮಾತ್ರ. ಸಾಗಿಸಿದ ಮೇಲೂ ಒಂದು ಪಾಲು ಫೋನಿನಲ್ಲೇ ಉಳಿಯುತ್ತಿತ್ತು, ವಿಜೆಟ್‌ಗಳು ಮಾಯವಾಗುತ್ತಿದ್ದವು. ಸರಿಯಾದ ದಾರಿ ಬೇಕಿದ್ದರೆ ರೂಟ್ ಮಾಡಲೇಬೇಕು, ಅಂದರೆ ಕಂಪನಿ ಬೀಗ ಹಾಕಿಟ್ಟ ಸಿಸ್ಟಮ್ ಫೈಲುಗಳನ್ನು ಬದಲಿಸುವ ಅಧಿಕಾರ ಪಡೆಯಬೇಕು.

ರೂಟ್ ಮಾಡುವುದು ನಾನು ಹೆದರಿದಷ್ಟು ಕಷ್ಟವಾಗಲಿಲ್ಲ. ಜಿಂಜರ್‌ಬ್ರೇಕ್ ಅಂತ ಒಂದು ಆ್ಯಪ್ ಇತ್ತು. ಯುಎಸ್‌ಬಿ ಡಿಬಗ್ಗಿಂಗ್ ಆನ್ ಮಾಡಿ, ಕಾರ್ಡು ಒಳಗಿದೆ ಅಂತ ನೋಡಿಕೊಂಡು ಒಂದು ಬಟನ್ ಒತ್ತಿದೆ. ಫೋನು ರೀಸ್ಟಾರ್ಟ್ ಆಗಿ ಬರುವಾಗ ರೂಟ್ ಆಗಿತ್ತು. ವಾರಂಟಿ ಹೋಯಿತು ಅಂತ ಮಿತ್ರನೊಬ್ಬ ಹೆದರಿಸಿದ. ನಾನು ತಲೆ ಕೆಡಿಸಿಕೊಳ್ಳಲಿಲ್ಲ.

ನಂತರ ಆ್ಯಪ್‌ಗಳನ್ನು ಕಾರ್ಡಿಗೆ ಸಾಗಿಸುವ ಲಿಂಕ್‌ಟುಎಸ್‌ಡಿ ಅನ್ನುವ ಆ್ಯಪ್. ಇದಕ್ಕೆ ಕಾರ್ಡನ್ನು ಎರಡು ಪಾಲು ಮಾಡಬೇಕು. ಮೊದಲನೆಯದು ಫ್ಯಾಟ್32, ಆ್ಯಪ್‌ಗಳಿಗೆ ಅಂತ ಎರಡನೆಯದು ಎಕ್ಸ್ಟ್ (ಇವು ಕಾರ್ಡಿನಲ್ಲಿ ಫೈಲು ಜೋಡಿಸಿಡುವ ಎರಡು ವಿಧಾನಗಳು), ಎರಡೂ ಪ್ರೈಮರಿ ಪಾಲುಗಳು. ಈ ಕ್ರಮ ತಪ್ಪಿದರೆ ಫೋಟೋ, ಹಾಡು ಇಡುವ ಪಾಲು ಫೋನಿಗೆ ಕಾಣಿಸುವುದೇ ಇಲ್ಲ. 4 ಜಿಬಿಯ ಹೊಸ ಕಾರ್ಡು ತಂದು, ಹಳೆಯದರಿಂದ ಎಲ್ಲ ಅದಕ್ಕೆ ತುಂಬಿಸಿ, ಮನೆಯ ಕಂಪ್ಯೂಟರಿನಲ್ಲಿ ಭಾಗ ಮಾಡಲು ಕೂತೆ. ಮೇ ಕೊನೆ. ಸಂಜೆ ಮೋಡ ಕಟ್ಟಿತ್ತು. ಉಡುಪಿಯವರಿಗೆ ಗೊತ್ತಿರಬೇಕಿತ್ತು, ಆ ಹೊತ್ತಿಗೆ ಇಂಥ ಕೆಲಸಕ್ಕೆ ಕೈ ಹಾಕಬಾರದು ಅಂತ. ಕೆಲಸ ಎಷ್ಟಾಯಿತು ಅಂತ ತೋರಿಸುವ ಪಟ್ಟಿ ಅರ್ಧಕ್ಕೆ ಬಂದಿತ್ತು, ಒಂದು ಸಿಡಿಲು, ಕರೆಂಟು ಹೋಯಿತು. ಯುಪಿಎಸ್ ಇರಲಿಲ್ಲ. ಕಾರ್ಡಿನಲ್ಲಿದ್ದ ಫೋಟೋಗಳೂ ಹೋದವು. ಪುಣ್ಯಕ್ಕೆ 2 ಜಿಬಿಯ ಹಳೇ ಕಾರ್ಡನ್ನು ಅಳಿಸಿರಲಿಲ್ಲ. ಮರುದಿನ ಬೆಳಿಗ್ಗೆ, ಆಕಾಶ ಸರಿಯಾಗಿ ನೋಡಿಕೊಂಡು, ಎಕ್ಸ್ಟ್‌ಗೆ 512 ಎಂಬಿ ಕೊಟ್ಟು ಕೆಲಸ ಮುಗಿಸಿದೆ. ಆ್ಯಪ್‌ಗಳು ಆ ಪಾಲಿನಲ್ಲಿ ಕೂತವು, ಫೋನು ಅವು ತನ್ನೊಳಗೇ ಇವೆ ಅಂತ ತಿಳಿದುಕೊಂಡಿತು. ಗೋಗರೆಯುವುದು ನಿಂತಿತು.

ರುಚಿ ಹತ್ತಿದ ಮೇಲೆ ಸುಮ್ನೆ ಇರಲಿಕ್ಕಾಗುತ್ತದಾ? ಬ್ಯಾಕಪ್ ತೆಗೆಯಲು, ಹೊಸ ಸಾಫ್ಟ್‌ವೇರ್ ಏರಿಸಲು ಬೇಕಾದ ಕ್ಲಾಕ್‌ವರ್ಕ್‌ಮಾಡ್ ರಿಕವರಿ ಹಾಕಿ, ಮೊದಲು ಇಡೀ ಫೋನಿನ ಬ್ಯಾಕಪ್ ತೆಗೆದು, ಸಯನೋಜನ್‌ಮಾಡ್ 7 ಏರಿಸಿದೆ. ಕಂಪನಿ ಕೊಟ್ಟ ಆಂಡ್ರಾಯ್ಡ್ ಬದಲಿಗೆ ಹಾಕಿಕೊಳ್ಳುವ, ಆಂಡ್ರಾಯ್ಡ್ 2.3 ಆಧಾರದ ಸಾಫ್ಟ್‌ವೇರ್ ಅದು. ಗೂಗಲ್‌ನ ಆ್ಯಪ್‌ಗಳನ್ನು ಬೇರೆಯೇ ಜಿಪ್ ಫೈಲಾಗಿ ಹಾಕಿಕೊಳ್ಳಬೇಕಿತ್ತು. 2009ರಲ್ಲಿ ಗೂಗಲ್ ನೋಟಿಸ್ ಕೊಟ್ಟ ಮೇಲೆ ಸಯನೋಜನ್‌ನವರು ಅವನ್ನು ಅದರ ಜೊತೆ ಸೇರಿಸುವುದು ಬಿಟ್ಟಿದ್ದರು. ಹೊಸ ಹೋಮ್ ಸ್ಕ್ರೀನ್ (ಎಡಿಡಬ್ಲ್ಯೂ ಲಾಂಚರ್), ಥೀಮು, ನೋಟಿಫಿಕೇಶನ್ ಪಟ್ಟಿಯಲ್ಲೇ ವೈಫೈ ಬಟನ್ನು. ಅದನ್ನೆಲ್ಲ ವಿವರಿಸುತ್ತ ಕೂರುವುದಿಲ್ಲ, ನಾಲ್ಕು ದಿನಕ್ಕೆ ಬೇಜಾರಾಯಿತು.

ರೂಟ್ ಇದೆಯಲ್ಲ, ಕನ್ನಡ ಫಾಂಟನ್ನೇ ಒಳಗೆ ತುರುಕಿದರೆ ಹೇಗೆ ಅಂತ ಹೊಳೆದದ್ದು ಆಗ. ಸಿಸ್ಟಮ್ ಒಳಗಿನ ಫಾಂಟ್ಸ್ ಫೋಲ್ಡರಿನಲ್ಲಿ 'ಡ್ರಾಯ್ಡ್ ಸಾನ್ಸ್ ಫಾಲ್‌ಬ್ಯಾಕ್' ಅಂತ ಒಂದು ಫೈಲು. ಬೇರೆ ಫಾಂಟ್‌ಗಳಲ್ಲಿ ಇಲ್ಲದ ಅಕ್ಷರವನ್ನು ಫೋನು ಅದರಲ್ಲಿ ಹುಡುಕುತ್ತಿತ್ತು. ಅದನ್ನು ತೆಗೆದಿಟ್ಟು, ಕನ್ನಡ ಇರುವ ಫಾಂಟಿಗೆ ಅದೇ ಹೆಸರು ಕೊಟ್ಟು ಅಲ್ಲಿಟ್ಟು ರೀಸ್ಟಾರ್ಟ್ ಮಾಡಿದೆ. ಸಯನೋಜನ್‌ನ ಚಿತ್ರ ತಿರುಗಿತು, ತಿರುಗಿತು, ತಿರುಗುತ್ತಲೇ ಇತ್ತು. ಫೈಲನ್ನು ಓದಲು ಫೋನಿಗೆ ಅನುಮತಿ ಕೊಡುವ ಪರ್ಮಿಶನ್ ಅನ್ನು 644 ಮಾಡಲು ಮರೆತಿದ್ದೆ. ಬ್ಯಾಕಪ್ ಹಾಕಿ ಫೋನನ್ನು ಎಬ್ಬಿಸಿ, ಎರಡನೇ ಸಲ ಸರಿಯಾಗಿ ಮಾಡಿದೆ.

ಅಕ್ಕನ ಮೆಸೇಜು ತೆರೆದೆ. ಡಬ್ಬಿಗಳು ಹೋಗಿ ಅಕ್ಷರ ಬಂದಿತ್ತು. ಆದರೆ 'ಅಮ್ಮ' ಅಂತ ಇರಬೇಕಾದಲ್ಲಿ 'ಅಮ್‌ಮ'. 'ಕನ್ನಡ' ಹೋಗಿ 'ಕನ್‌ನಡ'. ಫಾಂಟ್ ಇದ್ದರೇನು, ಅಕ್ಷರಕ್ಕೆ ಒತ್ತು ಕೊಟ್ಟು ಜೋಡಿಸುವ ವಿದ್ಯೆ ಆ ಆಂಡ್ರಾಯ್ಡ್‌ಗೆ ತಿಳಿದಿರಲಿಲ್ಲ. ಒಂದನೇ ಕ್ಲಾಸಿನ ಮಗುವಿನ ಹಾಗೆ ಬಿಡಿಬಿಡಿಯಾಗಿ ಓದಬೇಕು. ಆದರೂ ಓದಬಹುದಿತ್ತು. ಎರಡು ವರ್ಷ ಹಾಗೇ ಓದಿದೆ.

2012ರಲ್ಲಿ ಬಂದ ಆಂಡ್ರಾಯ್ಡ್ 4.1 ಜೊತೆ ಕನ್ನಡ ಬಂತು. ನನ್ನ ಹಳೇ ಫೋನಿಗೆ ಅದು ಬರುವಂತಿರಲಿಲ್ಲ. 2013ರಲ್ಲಿ ಬೇರೆ ಫೋನು ಕೊಂಡು, ಅದೇ ಸಿಮ್ ಹಾಕಿ, ಏನೂ ಮಾಡದೆ ಅಕ್ಕನ ಮೆಸೇಜಿಗೆ ಕಾದೆ. 'ಅಮ್ಮನಿಗೆ ಫೋನ್ ಕೊಡು' ಅಂತ ಬಂತು. ಮ ಕೆಳಗೆ ಮ ಒತ್ತು ಸರಿಯಾಗಿ ಕೂತಿತ್ತು. ಫೋನನ್ನು ಅಮ್ಮನಿಗೆ ಕೊಟ್ಟೆ.