ಲಿಂಕ್ ರಾಡ್ ಮನೆಯಲ್ಲೇ ಬದಲಾಯಿಸುವವರಿಗೆ

ಮಳೆಗಾಲ ಮುಗಿದ ಮೇಲೆ ಸಣ್ಣ ಹೊಂಡಕ್ಕೂ ಕಾರಿನ ಮುಂದುಗಡೆ ಟಕ್ ಟಕ್ ಅಂತ ಸದ್ದು ಬರುತ್ತಿದ್ದರೆ ಮೊದಲು ಲಿಂಕ್ ರಾಡ್ ನೋಡಿ. ತಿರುವಿನಲ್ಲಿ ಕಾರು ವಾಲದಂತೆ ಹಿಡಿಯುವ ಸ್ಟೆಬಿಲೈಸರ್ ಬಾರನ್ನು ಚಕ್ರದ ಕಡೆಯ ಭಾಗಕ್ಕೆ ಜೋಡಿಸುವ ಸಣ್ಣ ಸರಳು ಅದು. ಕಾಪು-ಉಡುಪಿ ಅಂತ ದಿನಾ ಓಡಾಡುವ ನನ್ನ ಕಾರಿನಲ್ಲೂ ಅದೇ ಆಗಿತ್ತು.

ನಮ್ಮ ಕಡಲ ಬದಿಯ ಉಪ್ಪುಗಾಳಿಗೆ ನಟ್ ತುಕ್ಕು ಹಿಡಿದು ಕೂತಿರುತ್ತದೆ. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಸ್ಪ್ರೇ ಹೊಡೆದಿಡಿ. ನಟ್ ಜೊತೆ ಬೋಲ್ಟೂ ತಿರುಗಿದರೆ ಅದರ ತುದಿಯ ತೂತಿಗೆ ಅಲೆನ್ ಕೀ ಹಾಕಿ ಹಿಡಿದುಕೊಂಡು ಸ್ಪಾನರ್ ತಿರುಗಿಸಿ. ಒಂದೇ ಚಕ್ರ ಎತ್ತಿದರೆ ಸ್ಟೆಬಿಲೈಸರ್ ಬಾರ್ ತಿರುಚಿಕೊಂಡು ರಾಡ್ ಹೊರಗೆ ಬರುವುದೇ ಇಲ್ಲ, ಅದಕ್ಕೆ ಮುಂದಿನ ಎರಡೂ ಚಕ್ರ ಸಮ ಎತ್ತರಕ್ಕೆ ಎತ್ತಬೇಕು. ಎರಡೂ ಬದಿಯ ರಾಡ್ ಒಟ್ಟಿಗೇ ಬದಲಾಯಿಸಿ.

ದಯವಿಟ್ಟು ಬರೀ ಜಾಕ್ ನಂಬಿ ಕಾರಿನಡಿಗೆ ಹೋಗಬೇಡಿ. ಅಂಗಳದಲ್ಲಿ ಬಿದ್ದಿರುವ ಕೆಂಪುಕಲ್ಲನ್ನೂ ಅಡಿಗೆ ಇಡಬೇಡಿ, ಭಾರಕ್ಕೆ ಅದು ಒಡೆಯುತ್ತದೆ. ಗಟ್ಟಿ ನೆಲದಲ್ಲಿ ಜಾಕ್ ಸ್ಟ್ಯಾಂಡ್ ಇಡಿ, ಹ್ಯಾಂಡ್‌ಬ್ರೇಕ್ ಎಳೆದು ಹಿಂದಿನ ಚಕ್ರಕ್ಕೆ ಅಡ್ಡ ಕೊಡಿ.

ಲೋವರ್ ಆರ್ಮ್, ಅಂದರೆ ಚಕ್ರವನ್ನು ಕೆಳಗಡೆಯಿಂದ ಕಾರಿಗೆ ಜೋಡಿಸುವ ತೋಳು, ಹೊಸದು ಹಾಕುವವರಿಗೂ ಒಂದು ಮಾತು. ಅದರ ಬುಷ್‌ನ (ರಬ್ಬರ್ ಕೀಲಿನ) ಬೋಲ್ಟನ್ನು ಚಕ್ರ ನೇತಾಡುವಾಗ ಪೂರ್ತಿ ಬಿಗಿ ಮಾಡಬೇಡಿ. ಕಾರಿನ ಭಾರ ಚಕ್ರದ ಮೇಲೆ ಬಂದ ಮೇಲೆಯೇ ಕೊನೆಯ ಬಿಗಿ, ಇಲ್ಲದಿದ್ದರೆ ರಬ್ಬರ್ ಯಾವಾಗಲೂ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ, ಹೊಸದು ಹಾಕಿದ ದುಡ್ಡು ಸುಮ್ನೆ ಹೋಗುತ್ತದೆ ಅಲ್ವಾ? ಆಮೇಲೆ ವೀಲ್ ಅಲೈನ್‌ಮೆಂಟ್ ಮಾಡಿಸಿ. ಲಿಂಕ್ ರಾಡ್‌ಗೆ ಅದು ಬೇಡ.

ಸ್ಟ್ರಟ್‌ನ (ಶಾಕ್ ಅಬ್ಸಾರ್ಬರ್ ಮತ್ತು ಸ್ಪ್ರಿಂಗ್ ಸೇರಿದ ಭಾಗದ) ಸ್ಪ್ರಿಂಗ್ ಮಾತ್ರ ಮನೆಯಲ್ಲಿ ಬಿಚ್ಚಲೇಬೇಡಿ. ಒತ್ತಿಟ್ಟ ಸ್ಪ್ರಿಂಗ್ ಸಿಡಿದರೆ ಜೀವಕ್ಕೇ ಅಪಾಯ. ಅದನ್ನು ಗ್ಯಾರೇಜಿಗೆ ಕೊಡಿ.