ಟೇಪು ಹಿಡಿದು ಆರಿಸಿದ ಫೋರ್ ವೀಲ್ ಡ್ರೈವ್

ನಮ್ಮ ಮನೆ ಇರುವುದು ಶಿರಸಿಯಿಂದ ದೇವಿಮನೆ ಘಟ್ಟದ ಕಡೆಗೆ ಹೋಗುವಾಗ ಟಾರು ರಸ್ತೆ ಬಿಟ್ಟು ಮೂರು ಕಿಲೋಮೀಟರ್ ಒಳಗೆ. ಆ ಮೂರು ಕಿಲೋಮೀಟರಿನಲ್ಲಿ ಒಂದು ಹಳ್ಳ, ಎರಡು ಏರು, ಒಂದು ಇಕ್ಕಟ್ಟಾದ ತಿರುವು. ಬೇಸಿಗೆಯಲ್ಲಿ ಯಾವ ಕಾರಾದರೂ ಅಂಗಳಕ್ಕೆ ಬರುತ್ತದೆ. ಮಳೆ ಹಿಡಿದ ಮೇಲೆ ಕೆಂಪು ಮಣ್ಣು ನೆನೆದು, ಗಟ್ಟಿ ಚಿರೆಕಲ್ಲಿನ ಮೇಲೆ ಎಣ್ಣೆ ಸವರಿದಂತೆ ಜಾರುತ್ತದೆ. ಐದು ಮಳೆಗಾಲ ನನ್ನ ಹಳೆಯ ಕಾರನ್ನು ಟಾರು ರಸ್ತೆಯ ಬದಿಯಲ್ಲಿ ಪರಿಚಿತರ ಕೊಟ್ಟಿಗೆಯಲ್ಲಿ ನಿಲ್ಲಿಸಿ ನಡೆದೆ. ಅಮ್ಮನಿಗೆ ಮೊಣಕಾಲು ನೋವು ಹೆಚ್ಚಾದ ವರ್ಷ ಇನ್ನು ನಡೆದು ಪೂರೈಸುವುದಿಲ್ಲ ಎಂದು ತಿಳಿಯಿತು.

ಮೊದಲು ಕಣ್ಣು ಹೋದದ್ದು ಹಳೆಯ ಜೀಪುಗಳ ಮೇಲೆ. ನಮ್ಮ ಕಡೆ ಜೀಪಿನ ಮೇಲಿನ ನಂಬಿಕೆ ಅಜ್ಜನ ಕಾಲದ್ದು, ಬೆಲೆಯೂ ಕಡಿಮೆ. ಕಾರವಾರದಲ್ಲಿ ಒಂದು ಜೀಪು ಮಾರಾಟಕ್ಕಿದೆ ಎಂದು ಕೇಳಿ ಹೋದೆ. ಹೊರಗೆ ಹೊಳೆಯುವ ಹಸಿರು ಬಣ್ಣ, ಹೊಸ ಸೀಟು. ಕೆಳಗೆ ಗೋಣಿ ಹಾಸಿ ಮಲಗಿ ಟಾರ್ಚ್ ಬಿಟ್ಟೆ. ಗಾಡಿಯನ್ನೆಲ್ಲ ಹೊರುವ ಕಬ್ಬಿಣದ ಚೌಕಟ್ಟಾದ ಚಾಸಿಗೆ ಕಪ್ಪು ಬಣ್ಣ ಆಗಷ್ಟೇ ಬಳಿದದ್ದು, ಕೈಗೆ ಹತ್ತುವಷ್ಟು ಹಸಿ. ಸ್ಕ್ರೂಡ್ರೈವರಿನ ಹಿಡಿಯಿಂದ ಮುಂದಿನಿಂದ ಹಿಂದಕ್ಕೆ ತಟ್ಟುತ್ತಾ ಬಂದೆ. ಟಣ್ ಟಣ್ ಎನ್ನುತ್ತಿದ್ದ ಸದ್ದು ಹಿಂದಿನ ಸ್ಪ್ರಿಂಗ್ ಪಟ್ಟಾ ಕೂರುವ ಜಾಗದಲ್ಲಿ ಡಬ್ಬ್ ಎಂದಿತು. ತುದಿಯಿಂದ ಒತ್ತಿದರೆ ತುಕ್ಕು ಹಪ್ಪಳದಂತೆ ಕಳಚಿ ಮುಖದ ಮೇಲೆ ಬಿತ್ತು. ಕಡಲ ಉಪ್ಪುಗಾಳಿಯಲ್ಲಿ ವರ್ಷಗಟ್ಟಲೆ ನಿಂತ ಗಾಡಿ ಅದು. ಎಂಜಿನ್ ಕೆಟ್ಟರೆ ಬಿಚ್ಚಿ ಕಟ್ಟಬಹುದು, ಚಾಸಿ ತಿಂದು ಹೋಗಿದ್ದರೆ ಅದರ ಮೇಲೆ ಕೂರಿಸುವುದಕ್ಕೆ ಏನೂ ಉಳಿಯುವುದಿಲ್ಲ. ಕರಾವಳಿಯ ಹಳೆಯ ಗಾಡಿ ನೋಡುವವರು ಬಾನೆಟ್ ಎತ್ತುವ ಮೊದಲು ನೆಲಕ್ಕೆ ಮಲಗಬೇಕು. ಆಮೇಲೆ ಮಣ್ಣಿನ ಜಾಗಕ್ಕೆ ಒಯ್ದು ಫೋರ್ ವೀಲ್ ಹಾಕಿಸಿ, ಮುಂದಿನ ಚಕ್ರಗಳು ನಿಜವಾಗಿ ಎಳೆಯುತ್ತವೆಯೇ ಎಂದು ನೋಡಬೇಕು. ಎಷ್ಟೋ ಗಾಡಿಗಳಲ್ಲಿ ಲಿವರ್ ಮಾತ್ರ ಆಡುತ್ತದೆ.

ಹೊಸದನ್ನೇ ಕೊಳ್ಳುವುದೆಂದು ನಿರ್ಧರಿಸಿದ್ದು 2024ರ ಬೇಸಿಗೆಯಲ್ಲಿ. ಶೋರೂಮಿಗೆ ಹೋಗುವ ಮೊದಲು ಬಡಗಿಯ ಟೇಪು ಹಿಡಿದು ನನ್ನ ದಾರಿಯನ್ನೇ ಅಳೆದೆ. ಇಡೀ ಖರೀದಿಯಲ್ಲಿ ನಾನು ಮಾಡಿದ ಒಳ್ಳೆಯ ಕೆಲಸ ಇದೊಂದೇ ಎಂದು ಈಗಲೂ ಅನ್ನಿಸುತ್ತದೆ. ತಿರುವಿನಲ್ಲಿ ಒಂದು ಬದಿಗೆ ಆಳೆತ್ತರದ ಮಣ್ಣಿನ ಧರೆ, ಇನ್ನೊಂದು ಬದಿಗೆ ತೋಟದ ನೀರು ಬಸಿಯುವ ಕಾದಿಗೆ. ನಡುವೆ ಗಟ್ಟಿ ನೆಲ 205 ಸೆಂಟಿಮೀಟರ್, ಅಷ್ಟೇ. ಧರೆ ಕಡಿದರೆ ಮೇಲಿನ ಮಣ್ಣು ಮಳೆಗೆ ಕುಸಿಯುತ್ತದೆ. ಕಾದಿಗೆ ಮುಚ್ಚಿದರೆ ನೀರು ನಿಂತು ಅಡಿಕೆ ಮರದ ಬೇರು ಕೊಳೆಯುತ್ತದೆ. ದಾರಿ ಅಗಲವಾಗುವುದಿಲ್ಲ. ಹಾಗಾದರೆ ಗಾಡಿಯೇ ಕಿರಿದಾಗಿರಬೇಕು.

ಮನಸ್ಸು ಮಾತ್ರ ಮಹೀಂದ್ರದ ಥಾರ್ ಮೇಲಿತ್ತು, ಅದನ್ನು ಮುಚ್ಚಿಡುವುದಿಲ್ಲ. ಡೀಸೆಲ್ ಎಂಜಿನ್ನಿನ ಎಳೆತ, 650 ಮಿಲಿಮೀಟರ್ ನೀರಿನಲ್ಲಿ ಹೋಗಬಲ್ಲ ಸಾಮರ್ಥ್ಯ, ಎತ್ತರದ ನಿಲುವು. ಓಡಿಸಿ ನೋಡಿ ಇಳಿಯುವ ಮನಸ್ಸೇ ಆಗಲಿಲ್ಲ. ಆದರೆ ಅದರ ಅಗಲ 1820 ಮಿಲಿಮೀಟರ್. ನನ್ನ ತಿರುವಿನಲ್ಲಿ ಎರಡೂ ಬದಿಗೆ ಉಳಿಯುವುದು ಒಂದೊಂದು ಅಂಗೈ ಜಾಗ, ಅದೂ ಜಾರುವ ನೆಲದಲ್ಲಿ. ಮಾರುತಿ ಸುಜುಕಿಯ ಜಿಮ್ನಿಯ ಅಗಲ 1645. ಅದಕ್ಕೆ ಒಂದೊಂದು ಬದಿಗೆ 20 ಸೆಂಟಿಮೀಟರ್, ಹತ್ತಿರ ಹತ್ತಿರ ಒಂದು ಗೇಣು ಸಿಗುತ್ತದೆ. ತೂಕ ಸುಮಾರು 1200 ಕಿಲೋ, ಥಾರ್‌ಗಿಂತ ಬಹಳ ಹಗುರ. ಹಸಿ ಮಣ್ಣಿನ ಅಂಚಿನಲ್ಲಿ ಈ ಹಗುರತನವೇ ಗಾಡಿಯನ್ನು ಕಾಯುತ್ತದೆ. ಮೂರು ಬಾಗಿಲಿನ ಥಾರ್‌ನ ಹಿಂದಿನ ಸೀಟಿಗೆ ಮುಂದಿನ ಸೀಟು ಮಡಚಿ ಹತ್ತಬೇಕಿತ್ತು. ಜಿಮ್ನಿಯಲ್ಲಿ ಹಿಂದಿನವರಿಗೂ ಬಾಗಿಲಿದೆ. ಅಮ್ಮ ಆ ಬಾಗಿಲಿನಿಂದ ಒಬ್ಬರ ಕೈಹಿಡಿದು ಹತ್ತಿದ್ದನ್ನು ನೋಡಿದ ಮೇಲೆ ನನಗೆ ಬೇರೆ ಲೆಕ್ಕ ಬೇಕಾಗಲಿಲ್ಲ.

ನೀರಿನ ಲೆಕ್ಕವೂ ಹಾಗೆಯೇ. ಹಿಂದಿನ ಜುಲೈಯಲ್ಲಿ ಬಿದಿರು ಗಳ ಇಳಿಸಿ ಹಳ್ಳ ಅಳೆದಿದ್ದೆ. ಸಾಮಾನ್ಯ ದಿನ ಒಂದು ಅಡಿಯೊಳಗೆ. ಉಕ್ಕಿದ ದಿನ ಆಳಕ್ಕಿಂತ ಸೆಳವು ದೊಡ್ಡದು, ಯಾವ ಗಾಡಿ ಇದ್ದರೂ ನಾನು ಇಳಿಸುವವನಲ್ಲ. ಆಚೆ ದಡದಲ್ಲಿ ನಿಲ್ಲಿಸಿ ನಡೆದಾಡುವ ಸಂಕ ದಾಟುತ್ತೇನೆ. ಹಾಗಿರುವಾಗ ಹೆಚ್ಚಿನ ಆಳಕ್ಕಾಗಿ ಹೆಚ್ಚು ಹಣ ಕೊಡುವುದರಲ್ಲಿ ಅರ್ಥವಿರಲಿಲ್ಲ.

ಕೊಳ್ಳುವವರು ಬಿಡದೆ ಕೇಳಬೇಕಾದ ಪ್ರಶ್ನೆ ಒಂದಿದೆ: ಲೋ ರೇಂಜ್, ಅಂದರೆ ಚಕ್ರಗಳನ್ನು ಬಹಳ ನಿಧಾನವಾಗಿ, ಹೆಚ್ಚು ಬಲದಿಂದ ತಿರುಗಿಸುವ ಗೇರುಗಳ ಸಾಲು, ಇದೆಯೇ? ಒಂದೇ ಚೆಹರೆಯ ಗಾಡಿ ಎರಡು ಚಕ್ರದ ಎಳೆತದಲ್ಲೂ ಬರುತ್ತದೆ, ನಾಲ್ಕರಲ್ಲೂ ಬರುತ್ತದೆ. ಥಾರ್ ಕೂಡ 2023ರಿಂದ ಹಿಂದಿನ ಚಕ್ರದ ಎಳೆತದಲ್ಲಿಯೂ ಸಿಗುತ್ತಿದೆ. ಆಲ್ ವೀಲ್ ಡ್ರೈವ್ ಎಂದು ಬರೆದ ಹಲವು ಕಾರುಗಳಲ್ಲಿ ನಾಲ್ಕೂ ಚಕ್ರ ತಿರುಗುತ್ತವೆ, ಆದರೆ ಲೋ ರೇಂಜ್ ಇರುವುದಿಲ್ಲ. ನಾನು ಹೋದ ಒಂದು ಶೋರೂಮಿನಲ್ಲಿ ಲೋ ರೇಂಜ್ ಇದ್ದರೂ ಇಲ್ಲದಿದ್ದರೂ ವ್ಯತ್ಯಾಸವೇ ಇಲ್ಲವೆಂದು ಹೇಳಿದರು. ವ್ಯತ್ಯಾಸ ತಿಳಿಯುವುದು ಇಳಿಜಾರಿನಲ್ಲಿ. ನೆನೆದ ಇಳಿಜಾರಿನಲ್ಲಿ ಬ್ರೇಕ್ ಒತ್ತಿದರೆ ಚಕ್ರದ ಹಿಡಿತ ತಪ್ಪುತ್ತದೆ, ಗಾಡಿ ಹಲಗೆಯಂತೆ ಜಾರುತ್ತದೆ, ಸ್ಟೇರಿಂಗ್ ಮಾತು ಕೇಳುವುದಿಲ್ಲ. ಲೋ ರೇಂಜಿನ ಮೊದಲ ಗೇರಿಗೆ ಹಾಕಿ ಎರಡೂ ಕಾಲು ತೆಗೆದರೆ ಎಂಜಿನ್ನೇ ನಾಲ್ಕೂ ಚಕ್ರಗಳನ್ನು ಹಿಡಿದುಕೊಂಡು ಆಳು ನಡೆಯುವ ವೇಗದಲ್ಲಿ ಇಳಿಸುತ್ತದೆ. ಕಾಲನ್ನು ಬ್ರೇಕಿನಿಂದ ದೂರ ಇಡುವುದನ್ನು ಕಲಿಯಲು ನನಗೆ ಒಂದು ವಾರ ಹಿಡಿಯಿತು.

ಬಿಟ್ಟುಕೊಟ್ಟದ್ದೂ ಇದೆ. ಜಿಮ್ನಿ ನಾಲ್ಕೇ ಜನರ ಗಾಡಿ. ಹಿಂದೆ ಸಾಮಾನಿನ ಜಾಗ 208 ಲೀಟರ್. ಅಡಿಕೆ ಮೂಟೆಗೆ ಇಂದಿಗೂ ಬಾಡಿಗೆ ಪಿಕಪ್ಪನ್ನೇ ಕರೆಸುತ್ತೇನೆ. ಪೆಟ್ರೋಲ್ ಎಂಜಿನ್ ಆದ್ದರಿಂದ ತುಂಬಿದ ಗಾಡಿಯಲ್ಲಿ ಕುಮಟೆಯಿಂದ ದೇವಿಮನೆ ಘಟ್ಟ ಹತ್ತುವಾಗ ಗೇರು ಇಳಿಸುತ್ತಲೇ ಇರಬೇಕು. ಎಡ ಬಲ ಚಕ್ರಗಳಿಗೆ ಬಲ ಹಂಚುವ ಡಿಫರೆನ್ಷಿಯಲ್‌ಗೆ ಯಾಂತ್ರಿಕ ಲಾಕ್ ಇಲ್ಲ. ಸುಮ್ಮನೆ ತಿರುಗುವ ಚಕ್ರಕ್ಕೆ ಬ್ರೇಕ್ ಬಿದ್ದು ಎದುರಿನ ಚಕ್ರಕ್ಕೆ ಬಲ ಹೋಗುತ್ತದೆ. ನನ್ನ ದಾರಿಗೆ ಅಷ್ಟು ಸಾಕಾಗಿದೆ.

ಟಯರಿನ ವಿಷಯದಲ್ಲಿ ಮಾತ್ರ ಕೈ ಬಿಗಿ ಹಿಡಿಯಲಿಲ್ಲ. ಟಾರು ರಸ್ತೆಯ ಟಯರಿನ ಸಣ್ಣ ಸೀಳುಗಳಲ್ಲಿ ನಮ್ಮ ಮಣ್ಣು ಮೆತ್ತಿಕೊಂಡರೆ ನಾಲ್ಕು ಚಕ್ರ ತಿರುಗಿದರೂ ಪ್ರಯೋಜನವಿಲ್ಲ. ಮೇ ತಿಂಗಳಲ್ಲೇ ಮಣ್ಣಿಗೂ ಟಾರಿಗೂ ಆಗುವ ಆಲ್ ಟೆರೇನ್ ಟಯರ್ ಹಾಕಿಸಿದೆ. ಟಾರು ಮುಗಿಯುವ ಮಾವಿನ ಮರದ ಬುಡದಲ್ಲಿ ನಿಂತು ಫೋರ್ ವೀಲ್ ಹಾಕುತ್ತೇನೆ, ಮರಳುವಾಗ ಅಲ್ಲೇ ತೆಗೆಯುತ್ತೇನೆ. ಹಿಡಿತವಿರುವ ಒಣ ಟಾರಿನ ಮೇಲೆ ಹಾಗೇ ತಿರುಗಿಸಿದರೆ ಮುಂದಿನ ಹಿಂದಿನ ಆಕ್ಸಲ್‌ಗಳು ಒಂದನ್ನೊಂದು ಜಗ್ಗಿ ಗೇರುಗಳಿಗೆ ಪೆಟ್ಟು. ಅಮ್ಮನಿಗೂ ಈಗ ಅದು ರೂಢಿಯಾಗಿದೆ. ಮರ ಬಂದ ಕೂಡಲೇ ನನ್ನ ಕೈಯತ್ತ ನೋಡುತ್ತಾರೆ, ಲಿವರ್ ಕೂತ ಸದ್ದು ಕೇಳಿದ ಮೇಲೆ ಮೇಲಿನ ಹಿಡಿಕೆ ಹಿಡಿದುಕೊಳ್ಳುತ್ತಾರೆ.