ಆನೆಕಿವಿ: ಕುಂಡದಲ್ಲೊಂದು, ಬಾಣಲೆಯಲ್ಲೊಂದು

ನರ್ಸರಿಗಳಲ್ಲಿ ಆನೆಕಿವಿ ಎಂದು ಮಾರುವ ಅಗಲ ಎಲೆಯ ಗಿಡಗಳು ಹೆಚ್ಚಾಗಿ ಕೆಸುವಿನ ಬಳಗದ ಕೊಲೊಕೇಶಿಯಾ ಅಥವಾ ಅಲೋಕೇಶಿಯಾ. ಲಾಲ್‌ಬಾಗ್ ಸಮೀಪದ ಸಿದ್ದಾಪುರದ ನರ್ಸರಿಗಳಿಗೆ ಹೋದಾಗ ಬೆಲೆ ಕೇಳುವ ಮೊದಲು ಎಲೆಯನ್ನು ನೋಡಿ. ತುದಿ ನೆಲದತ್ತ ಜೋತುಬಿದ್ದು, ತೊಟ್ಟು ಎಲೆಯ ಅಂಚಿನಿಂದ ತುಸು ಒಳಗೆ ಬೆನ್ನಿಗೆ ಕೂಡಿಕೊಂಡಿದ್ದರೆ ಅದು ಸಾಮಾನ್ಯವಾಗಿ ಕೊಲೊಕೇಶಿಯಾ. ತುದಿ ಮೇಲಕ್ಕೆ ಚಾಚಿದ್ದರೆ ಬಹುಮಟ್ಟಿಗೆ ಅಲೋಕೇಶಿಯಾ. ಮೊದಲನೆಯದು ಕೆಸರಿನಲ್ಲೂ ಸೊಂಪಾಗಿ ಬೆಳೆಯುತ್ತದೆ, ಎರಡನೆಯದರ ಬೇರು ನೀರು ನಿಂತರೆ ಕೊಳೆಯುತ್ತದೆ.

ಬೆಂಗಳೂರಿನಲ್ಲಿ ಗಡ್ಡೆ ನೆಡಲು ಮೇ ತಿಂಗಳ ಮಳೆ ಶುರುವಾದ ಸಮಯ ಸೂಕ್ತ. ಕೆಂಪು ಮಣ್ಣು, ಕೊಟ್ಟಿಗೆ ಗೊಬ್ಬರ ಮತ್ತು ತೆಂಗಿನ ನಾರಿನ ಪುಡಿಯನ್ನು ಸಮನಾಗಿ ಬೆರೆಸಿ, ಕನಿಷ್ಠ 12 ಇಂಚಿನ ಕುಂಡದಲ್ಲಿ ಗಡ್ಡೆಯ ಮೊಳಕೆ ಮೇಲ್ಮುಖವಾಗುವಂತೆ ಎರಡು ಇಂಚು ಆಳಕ್ಕೆ ಹೂಳಬೇಕು. ಬೆಳಗಿನ ಎಳೆಬಿಸಿಲು ಸಾಕು. ಏಪ್ರಿಲ್‌ನ ಮಧ್ಯಾಹ್ನದ ಬಿಸಿಲಿಗೆ ಎಲೆಯ ಅಂಚು ಸುಟ್ಟು ಕಂದಾಗುತ್ತದೆ. ಮುಂಜಾನೆ ಎಲೆಯ ತುದಿಯಿಂದ ಹನಿಹನಿಯಾಗಿ ನೀರು ತೊಟ್ಟಿಕ್ಕುವುದನ್ನು ಕಂಡು ಗಾಬರಿಯಾಗಬೇಕಿಲ್ಲ, ಬೇರು ಹೀರಿದ ಹೆಚ್ಚಿನ ನೀರನ್ನು ಗಿಡ ಹೀಗೆ ಹೊರಹಾಕುತ್ತದೆ. ಡಿಸೆಂಬರ್‌ನ ಒಣ ಚಳಿಯಲ್ಲಿ ಎಲೆ ಹಳದಿಯಾಗಿ ಬಿದ್ದರೂ ಗಡ್ಡೆ ಗಟ್ಟಿಯಾಗಿದ್ದರೆ ಗಿಡ ಸತ್ತಿಲ್ಲ. ಆಗ ನೀರು ಕಡಿಮೆ ಮಾಡಿ ಕಾಯಿರಿ. ಎಲೆಯಡಿ ಸಣ್ಣ ಬಲೆ ಕಂಡರೆ ಅದು ನುಸಿಯ ಕಾಟ, ನೀರಿನಿಂದ ರಭಸವಾಗಿ ತೊಳೆದು ಬೇವಿನೆಣ್ಣೆ ಸಿಂಪಡಿಸಿ. ಕುಂಡದ ತಟ್ಟೆಯಲ್ಲಿ ನಿಂತ ನೀರನ್ನು ಎರಡು ದಿನಕ್ಕೊಮ್ಮೆ ಚೆಲ್ಲದಿದ್ದರೆ ಸೊಳ್ಳೆಗೆ ನೀವೇ ಮನೆ ಕಟ್ಟಿಕೊಟ್ಟಂತೆ.

ಅಲಂಕಾರಿಕ ತಳಿಗಳನ್ನು ಪತ್ರೊಡೆಗೆ ಬಳಸಲೇಬಾರದು. ಇವುಗಳಲ್ಲಿರುವ ಸೂಜಿಯಂಥ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳು ಬಾಯಿ, ಗಂಟಲಿಗೆ ಚುಚ್ಚಿ ತುರಿಕೆ, ಊತ ತರುತ್ತವೆ. ಕತ್ತರಿಸುವಾಗ ಕೈಗವಸು ಧರಿಸಿ, ಮಕ್ಕಳು ಮತ್ತು ನಾಯಿ-ಬೆಕ್ಕುಗಳಿಂದ ಗಿಡವನ್ನು ದೂರವಿಡಿ.

ತಿನ್ನುವ ಆನೆಕಿವಿ ಈ ಗಿಡದ್ದಲ್ಲ, ಅದೇ ಹೆಸರಿನ ಅಮೆರಿಕದ ಜಾತ್ರೆಗಳ ಕರಿದ ತಿಂಡಿ, ಅದನ್ನು ಮನೆಯಲ್ಲೇ ಮಾಡಬಹುದು. ಎರಡು ಬಟ್ಟಲು ಮೈದಾಕ್ಕೆ ಒಂದು ಚಮಚ ಇನ್‌ಸ್ಟಂಟ್ ಯೀಸ್ಟ್, ಚಿಟಿಕೆ ಉಪ್ಪು, ಎರಡು ಚಮಚ ಸಕ್ಕರೆ, ಸ್ವಲ್ಪ ಬೆಣ್ಣೆ ಸೇರಿಸಿ, ಉಗುರುಬೆಚ್ಚಗಿನ ಹಾಲಿನಲ್ಲಿ ಮೃದುವಾಗಿ ಕಲಸಿ ಉಬ್ಬಲು ಒಂದು ಗಂಟೆ ಬಿಡಿ. ಪೂರಿಗಿಂತ ದೊಡ್ಡದಾಗಿ, ಅಂಚು ಅಂಕುಡೊಂಕಾದರೂ ಚಿಂತಿಸದೆ, ತೆಳ್ಳಗೆ ಲಟ್ಟಿಸಿ ಕಾದ ಎಣ್ಣೆಯಲ್ಲಿ ಎರಡೂ ಬದಿ ಹೊಂಬಣ್ಣ ಬರುವವರೆಗೆ ಕರಿಯಿರಿ. ಬಿಸಿಯಿರುವಾಗಲೇ ಸಕ್ಕರೆ ಮತ್ತು ಚಕ್ಕೆಪುಡಿ ಉದುರಿಸಬೇಕು, ಏಕೆಂದರೆ ಆರಿದ ಮೇಲೆ ಅವು ಅಂಟುವುದಿಲ್ಲ. ತಣ್ಣಗಾದಷ್ಟೂ ಇದು ನಾರಿನಂತಾಗುವುದರಿಂದ ತಿನ್ನುವವರು ಕೂತ ಮೇಲೆಯೇ ಬಾಣಲೆ ಇಡುವುದು ಒಳ್ಳೆಯದು.